ಅಂಗಡಿಗೆ ಇಳಿದ ಸೇನೆ



"ಈ ದೇಶಕ್ಕೆ ಒಂದು ಹತ್ತು ವರ್ಷ ಮಿಲಿಟರಿ ಆಡಳಿತ ಬರಬೇಕು, ಆಗ ಎಲ್ಲರೂ ದಾರಿಗೆ ಬರುತ್ತಾರೆ" ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಹೋಟೆಲಿನಲ್ಲಿ, ರೈಲಿನಲ್ಲಿ, ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಈ ಮಾತು ಆಗಾಗ ಬರುತ್ತಲೇ ಇರುತ್ತದೆ. ಪಹಣಿಯಲ್ಲಿ ಒಂದು ಹೆಸರು ತಿದ್ದಿಸಲು ತಿಂಗಳುಗಟ್ಟಲೆ ಅಲೆದವರು ಹಾಗೆ ಅಂದರೆ ಅವರ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಸೈನಿಕ ಶಿಸ್ತಿನ ಮನುಷ್ಯ, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುತ್ತಾನೆ, ಅಂಥವರ ಕೈಗೆ ಅಧಿಕಾರ ಹೋದರೆ ದೇಶವೂ ಹಾಗೆಯೇ ನಡೆದೀತು ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಈ ನಂಬಿಕೆಯನ್ನು ತನ್ನ ಮೈಮೇಲೆಯೇ ಪರೀಕ್ಷಿಸಿಕೊಳ್ಳಬೇಕಾಗಿ ಬಂದ ದೇಶವೊಂದು ನಮ್ಮ ನೆರೆಯಲ್ಲಿದೆ. ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ಅರುಣಾಚಲಗಳ ಗಡಿಗೆ ತಾಗಿಕೊಂಡಿರುವ ಬರ್ಮಾ. 1989ರಲ್ಲಿ ಅಲ್ಲಿನ ಸೇನಾ ಸರ್ಕಾರ ಅದನ್ನು ಮ್ಯಾನ್ಮಾರ್ ಎಂದು ಕರೆಯಿತು. ಆ ದೇಶದಲ್ಲಿ ಬಂದೂಕು ಏನು ಮಾಡಿತು ಎಂಬುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ನಾನು ಹೇಳಬೇಕೆಂದಿರುವುದು ಅಲ್ಲಿನ ಅಕ್ಕಿ, ಬೇಳೆ, ನೋಟು, ಅಂಗಡಿಗಳ ಕಥೆ.

ಎರಡನೇ ಮಹಾಯುದ್ಧಕ್ಕೆ ಮೊದಲು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಅಕ್ಕಿ ರಫ್ತು ಮಾಡುತ್ತಿದ್ದ ದೇಶ ಬರ್ಮಾ. ಐರಾವತಿ ನದಿ ಸಮುದ್ರ ಸೇರುವ ಬಯಲಿನಲ್ಲಿ ಬೆಳೆದ ಅಕ್ಕಿ ವರ್ಷಕ್ಕೆ ಸುಮಾರು 30 ಲಕ್ಷ ಟನ್ನಿನಷ್ಟು ರಂಗೂನ್, ಬಸ್ಸೀನ್, ಮೌಲ್ಮೇನ್, ಅಕ್ಯಾಬ್ ಬಂದರುಗಳಲ್ಲಿ ಹಡಗೇರುತ್ತಿತ್ತು. ಅದರಲ್ಲಿ ದೊಡ್ಡ ಪಾಲು ನಮ್ಮ ದೇಶಕ್ಕೇ ಬರುತ್ತಿತ್ತು. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದು ಆ ಅಕ್ಕಿ ನಿಂತುಹೋದದ್ದು ಮರುವರ್ಷದ ಬಂಗಾಳದ ಕ್ಷಾಮದ ಕಾರಣಗಳಲ್ಲಿ ಒಂದು. ಅಕ್ಕಿಯ ಜೊತೆಗೆ ತೇಗ, ಎಣ್ಣೆ ಬಾವಿ, ಮೊಗೋಕಿನ ಮಾಣಿಕ್ಯ ಎಲ್ಲವೂ ಇದ್ದವು. ಆದರೆ ಈ ಸಂಪತ್ತಿನಲ್ಲಿ ಬರ್ಮೀಯರಿಗೆ ದಕ್ಕುತ್ತಿದ್ದುದು ಕಡಿಮೆ. ದೊಡ್ಡ ಗಿರಣಿಗಳೂ ಹಡಗುಗಳೂ ಹೆಚ್ಚಾಗಿ ಬ್ರಿಟಿಷ್ ಕಂಪನಿಗಳವು. ಕೆಳ ಬರ್ಮಾದ ಗದ್ದೆಗಳಲ್ಲಿ ಕಾಲು ಭಾಗದಷ್ಟು 1930ರ ದಶಕದ ಮುಗ್ಗಟ್ಟಿನಲ್ಲಿ ಸಾಲಕ್ಕೆ ವಜಾ ಆಗಿ ತಮಿಳುನಾಡಿನ ಚೆಟ್ಟಿಯಾರರ ಕೈಸೇರಿತ್ತು. ಸ್ವಾತಂತ್ರ್ಯ ಬಂದ ಮೇಲೆ ವ್ಯಾಪಾರವೆಂದರೆ ಪರಕೀಯರ ಸುಲಿಗೆ ಎಂಬ ಕಹಿ ಜನರಲ್ಲಿ ಉಳಿದಿತ್ತು. ಮುಂದೆ ಸೇನೆ ಬಳಸಿಕೊಂಡದ್ದು ಈ ಕಹಿಯನ್ನೇ.

1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು. ಅದಕ್ಕೆ ಸುಮಾರು ಆರು ತಿಂಗಳ ಮೊದಲೇ ಸ್ವಾತಂತ್ರ್ಯದ ನಾಯಕ ಆಂಗ್ ಸಾನ್ ತಮ್ಮ ಸಂಪುಟದ ಸಹೋದ್ಯೋಗಿಗಳ ಜೊತೆಗೆ ಕೊಲೆಯಾಗಿದ್ದರು. ಪ್ರಧಾನಿ ಊ ನು ಒಳ್ಳೆಯ ಮನುಷ್ಯ, ಆದರೆ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಕಮ್ಯುನಿಸ್ಟರ ದಂಗೆ, ಅದರ ಬೆನ್ನಿಗೆ ಕರೆನ್ ಜನರ ದಂಗೆ. ದೇಶ ಉಳಿದರೆ ಸೇನೆಯಿಂದಲೇ ಎಂಬ ಸ್ಥಿತಿ ಬಂತು.

ಇಲ್ಲಿ ಒಂದು ವಿಷಯ ನನ್ನನ್ನು ಬಹಳ ಸಲ ಯೋಚನೆಗೆ ಹಚ್ಚಿದೆ. 1949ರ ಜನವರಿ 15ರಂದು ನಮ್ಮ ಕೊಡಗಿನ ಕಾರ್ಯಪ್ಪನವರು ಭಾರತದ ಸೇನೆಯ ಮುಖ್ಯಸ್ಥರಾದರು. ಅದೇ ಜನವರಿ ಮುಗಿಯುವ ಹೊತ್ತಿಗೆ ರಂಗೂನಿನಲ್ಲಿ ಜನರಲ್ ನೆ ವಿನ್ ಬರ್ಮಾದ ಸೇನೆಯ ಮುಖ್ಯಸ್ಥರಾದರು. ಕಾರ್ಯಪ್ಪ 1953ರ ಜನವರಿಯಲ್ಲಿ ನಿವೃತ್ತರಾದರು. ಸರ್ಕಾರ ಅವರನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್ ಆಗಿ ಕಳಿಸಿತು. 1971ರಲ್ಲಿ ಅವರು ಮುಂಬೈಯಿಂದ ಲೋಕಸಭೆಗೆ ನಿಂತು, ಸೋತು, ಮಡಿಕೇರಿಯ ತಮ್ಮ ಮನೆಯಲ್ಲಿ ಕೊನೆಯವರೆಗೂ ಗೌರವದಿಂದ ಬದುಕಿದರು. ನೆ ವಿನ್ ಸೇನೆಯ ಹುದ್ದೆ ಬಿಟ್ಟದ್ದು 1972ರಲ್ಲಿ. ಆಳುವ ಪಕ್ಷದ ಅಧ್ಯಕ್ಷ ಪದವಿ ಬಿಟ್ಟದ್ದು 1988ರಲ್ಲಿ, ಅದೂ ದೇಶ ಬೀದಿಗೆ ಬಂದ ಮೇಲೆ. ಇಬ್ಬರು ಮನುಷ್ಯರ ಸ್ವಭಾವದಿಂದಲೇ ಇಷ್ಟು ಅಂತರ ಬಂತೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಬೇರೂರಿದ ರಾಜಕೀಯ ಪಕ್ಷವಿತ್ತು, ಸಂಸತ್ತಿತ್ತು, ಸೇನೆಯ ಕಾಸುಕಾಸಿಗೂ ಲೆಕ್ಕ ಕೇಳುವ ನಾಗರಿಕ ಹಣಕಾಸು ಇಲಾಖೆ ಇತ್ತು. ಬರ್ಮಾದಲ್ಲಿ ಲೆಕ್ಕ ಕೇಳುವ ಕೈ ಮೊದಲಿನಿಂದಲೂ ದುರ್ಬಲವಾಗಿತ್ತು.

ಆ ದುರ್ಬಲತೆ ಎಲ್ಲಿ ಕಾಣಿಸಿತು ಗೊತ್ತೇ? ಒಂದು ಕ್ಯಾಂಟೀನಿನಲ್ಲಿ. 1951ರಲ್ಲಿ ಸೈನಿಕರಿಗೆ ಸೋಪು, ಸಿಗರೇಟು, ಬಿಸ್ಕತ್ತು ಅಗ್ಗದಲ್ಲಿ ಸಿಗಲೆಂದು ಡಿಫೆನ್ಸ್ ಸರ್ವೀಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಶುರುವಾಯಿತು. ಉದ್ದೇಶ ಒಳ್ಳೆಯದೇ, ಕಾಡಿನಲ್ಲಿ ದಂಗೆಕೋರರ ಜೊತೆ ಕಾದಾಡುವ ಸಿಪಾಯಿಗೆ ಅಷ್ಟೂ ಸಿಗಬೇಡವೇ? 1958ರಲ್ಲಿ ರಾಜಕಾರಣಿಗಳ ಕಚ್ಚಾಟ ಮಿತಿಮೀರಿದಾಗ ಊ ನು ತಾವೇ ಸೇನೆಯನ್ನು ಕರೆದು ಉಸ್ತುವಾರಿ ಸರ್ಕಾರ ನಡೆಸಲು ಹೇಳಿದರು. ನೆ ವಿನ್ ಬಂದರು. ರಂಗೂನಿನ ಬೀದಿಗಳು ಸ್ವಚ್ಛವಾದವು, ಕಚೇರಿಗಳು ಹೊತ್ತಿಗೆ ಸರಿಯಾಗಿ ತೆರೆದವು, ಜನ ಮೆಚ್ಚಿದರು. ಅದೇ ಹೊತ್ತಿನಲ್ಲಿ ಬ್ರಿಗೇಡಿಯರ್ ಆಂಗ್ ಜಿ ಎಂಬ ಚುರುಕು ಅಧಿಕಾರಿಯ ಕೈಯಲ್ಲಿ ಆ ಕ್ಯಾಂಟೀನು ಬೆಳೆಯುತ್ತ ಹೋಯಿತು. ಸೇನೆಗೆ ಒಂದು ಬ್ಯಾಂಕು ಬಂತು, ಒಂದು ಹಡಗು ಕಂಪನಿ ಬಂತು. ರಂಗೂನಿನ ಹೆಸರಾಂತ ದೊಡ್ಡ ಮಳಿಗೆ ಸೇನೆಯದಾಯಿತು. ಮೀನು, ಕಟ್ಟಡ ಕಾಮಗಾರಿ, ಆಮದು ವ್ಯಾಪಾರ ಒಂದೊಂದಾಗಿ ಸೇರಿಕೊಂಡವು. 1960ರಲ್ಲಿ ಚುನಾವಣೆ ನಡೆದು ಊ ನು ಗೆದ್ದರು, ಸೇನೆ ಮಾತು ಕೊಟ್ಟಂತೆ ಬ್ಯಾರಕ್ಕಿಗೆ ಮರಳಿತು. ಆದರೆ ಅಂಗಡಿಗಳನ್ನು ಬಿಟ್ಟುಕೊಡಲಿಲ್ಲ. ನನ್ನ ಲೆಕ್ಕದಲ್ಲಿ ಬರ್ಮಾದ ದುರಂತ ಶುರುವಾದದ್ದು 1962ರ ಟ್ಯಾಂಕುಗಳಿಂದ ಅಲ್ಲ, ಈ ಅಂಗಡಿಗಳಿಂದ.

1962ರ ಮಾರ್ಚ್ 2ರ ಬೆಳಗಿನ ಜಾವ ಸೇನೆ ಅಧಿಕಾರ ಹಿಡಿಯಿತು. ಸಂಸತ್ತು ಹೋಯಿತು. ಜುಲೈ 7ರಂದು ರಂಗೂನ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟಿಸಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು, ಮರುದಿನ ಅವರ ಸಂಘದ ಕಟ್ಟಡವನ್ನು ಡೈನಮೈಟ್ ಇಟ್ಟು ಉಡಾಯಿಸಿದರು. ಸೇನೆ ಸಾರಿದ ನೀತಿಯ ಹೆಸರು "ಸಮಾಜವಾದಕ್ಕೆ ಬರ್ಮೀಯ ದಾರಿ". 1963ರ ಫೆಬ್ರವರಿಯಲ್ಲಿ ದೇಶದ 24 ಖಾಸಗಿ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಅವಕ್ಕೆ ಹೆಸರೂ ಉಳಿಯಲಿಲ್ಲ, ಜನತಾ ಬ್ಯಾಂಕ್ ನಂಬರ್ 1, ನಂಬರ್ 2 ಎಂದು ದಳಗಳಿಗೆ ಸಂಖ್ಯೆ ಕೊಟ್ಟ ಹಾಗೆ ಸಂಖ್ಯೆ ಕೊಟ್ಟರು. ಸೇನೆಯ ಅಂಗಡಿಗಳನ್ನು ಕಟ್ಟಿದ ಆಂಗ್ ಜಿ ಇದನ್ನು ಒಪ್ಪಲಿಲ್ಲ, ಅದೇ ತಿಂಗಳು ಅವರನ್ನು ಹೊರಹಾಕಿದರು. ಮುಂದಿನ ವರ್ಷ ಸಗಟು ವ್ಯಾಪಾರ, ಚಿಲ್ಲರೆ ಅಂಗಡಿ ಎಲ್ಲವೂ ಸರ್ಕಾರದ ಪಾಲಾದವು. ಸೇನೆಯದೇ ಆಗಿದ್ದ ಉದ್ದಿಮೆಗಳನ್ನೂ ರಾಷ್ಟ್ರೀಕರಿಸಿದರು. ಸೇನೆಯೇ ಸರ್ಕಾರವಾದ ಮೇಲೆ ಅದರಿಂದ ಸೇನೆಗೆ ಕಳೆದುಹೋದದ್ದೇನೂ ಇರಲಿಲ್ಲ. ಪೀಳಿಗೆಗಳಿಂದ ಅಂಗಡಿ ಇಟ್ಟುಕೊಂಡು ಬದುಕಿದ್ದ ಸುಮಾರು ಮೂರು ಲಕ್ಷ ಭಾರತೀಯರು ಒಡವೆ, ಉಳಿತಾಯವನ್ನು ಬಿಟ್ಟು ಹಡಗು ಹತ್ತಿದರು. ಚೆನ್ನೈಯ ಬರ್ಮಾ ಬಜಾರು ಕಟ್ಟಿದವರು ಅವರೇ.

ಇನ್ನು ಆ ಸರ್ಕಾರಿ ಅಂಗಡಿಗಳ ಒಳಗೆ ಏನಿತ್ತು? ಅಕ್ಕಿ, ಎಣ್ಣೆ, ಲುಂಗಿ ಬಟ್ಟೆ, ಸಾಬೂನು ಎಲ್ಲಕ್ಕೂ ಪಡಿತರ ಪುಸ್ತಕ. ಅಂಗಡಿ ನಡೆಸುವ ಅಧಿಕಾರಿ ಸೇನೆಯಿಂದ ಬಂದವನು, ಯಾವ ಊರಿಗೆ ಯಾವ ಕಾಲಕ್ಕೆ ಏನು ಬೇಕೆಂದು ತಿಳಿದ ವರ್ತಕನಲ್ಲ. ಸರಕು ಬಂದ ದಿನ ಸಾಲು ನಿಲ್ಲಬೇಕು, ಬಾರದ ದಿನ ಕಳ್ಳಸಂತೆಗೆ ಹೋಗಬೇಕು. ಥಾಯ್ಲೆಂಡ್ ಗಡಿಯಿಂದ ಬೆನ್ನ ಮೇಲೆ, ಎತ್ತಿನ ಗಾಡಿಯ ಮೇಲೆ ಬಂದ ಸರಕಿನಿಂದಲೇ ಮುಂದಿನ ಕಾಲು ಶತಮಾನ ದೇಶ ಬದುಕಿತು. ಆ ಗಡಿದಾರಿಗಳಲ್ಲಿ ಸುಂಕ ವಸೂಲು ಮಾಡಿಕೊಂಡ ದಂಗೆಕೋರರು ಅದೇ ಹಣದಲ್ಲಿ ಬಂದೂಕು ಕೊಂಡರು. ಅಂದರೆ ಸೇನೆ ತನ್ನ ಆರ್ಥಿಕ ನೀತಿಯಿಂದ ತನ್ನ ಶತ್ರುಗಳನ್ನೇ ಸಾಕಿತು.

ಭತ್ತದ ವಿಷಯ ಇನ್ನೂ ಕಷ್ಟದ್ದು. ರೈತ ಎಕರೆಗೆ ಇಷ್ಟೆಂದು ಸರ್ಕಾರಕ್ಕೆ ಭತ್ತ ಅಳೆಯಲೇಬೇಕು. ಬೆಲೆ ಸರ್ಕಾರ ಹೇಳಿದ್ದು, ಅದು ಪೇಟೆಯ ಬೆಲೆಗಿಂತ ಬಹಳ ಕಡಿಮೆ. ಹೊಟ್ಟೆಯ ಮೇಲೆ ಬಿದ್ದ ಹೊಡೆತಕ್ಕೆ ರೈತ ತನಗೆ ತಿಳಿದಂತೆ ಉತ್ತರ ಕೊಟ್ಟ. ಒಳ್ಳೆಯ ಭತ್ತವನ್ನು ಮನೆಗೂ ಕಳ್ಳಸಂತೆಗೂ ಇಟ್ಟುಕೊಂಡು ಹಸಿ ಭತ್ತ, ಜೊಳ್ಳು, ಕಲ್ಲು ಬೆರೆತ ಭತ್ತವನ್ನು ಸರ್ಕಾರಿ ಉಗ್ರಾಣಕ್ಕೆ ಸುರಿದ. ಅದೇ ಅಕ್ಕಿ ರಫ್ತಿಗೆ ಹೋಯಿತು, ಬರ್ಮಾದ ಅಕ್ಕಿ ಎಂದರೆ ನುಚ್ಚು ಎಂಬ ಹೆಸರು ಬಂತು. ಸೇನೆ ಅಧಿಕಾರ ಹಿಡಿದ ವರ್ಷದಲ್ಲಿ ಸುಮಾರು 17 ಲಕ್ಷ ಟನ್ ಇದ್ದ ರಫ್ತು ಆ ದಶಕ ಮುಗಿಯುವ ಹೊತ್ತಿಗೆ ಅರ್ಧವೂ ಉಳಿಯಲಿಲ್ಲ. ಜಗತ್ತಿಗೆ ಅಕ್ಕಿ ಉಣಿಸಿದ ನಾಡಿನಲ್ಲೇ 1967ರಲ್ಲಿ ಅಕ್ಕಿಗಾಗಿ ಗಲಭೆಗಳಾದವು. ಒಂದು ಕಾಲದ ಅಕ್ಕಿಯ ಬಂದರು ಅಕ್ಯಾಬಿನಲ್ಲಿ ಹಸಿದು ಬೀದಿಗಿಳಿದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು.

ಈಗ ನೋಟಿನ ಕಥೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒಂದು ದೇಶದ ಆರ್ಥಿಕತೆ ನಿಂತಿರುವುದು ಒಂದು ಕಾಗದದ ಚೂರಿನ ಮೇಲೆ ಜನ ಇಟ್ಟ ನಂಬಿಕೆಯ ಮೇಲೆ. 1964ರ ಮೇ ತಿಂಗಳಲ್ಲಿ 50 ಮತ್ತು 100 ಚಾಟ್ ನೋಟುಗಳು ರದ್ದಾದವು. ಚಾಟ್ ಎಂದರೆ ಅಲ್ಲಿನ ರೂಪಾಯಿ. ಕಪ್ಪುಹಣದ ವ್ಯಾಪಾರಿಗಳಿಗೆ ಪಾಠ ಎಂದರು. 1985ರ ನವೆಂಬರಿನಲ್ಲಿ ಮತ್ತೆ 50, 100ರ ನೋಟುಗಳು ಸತ್ತವು. ಬದಲಿಗೆ 75 ಚಾಟಿನ ನೋಟು ಬಂತು, ಅದು ನೆ ವಿನ್ ಅವರ 75ನೇ ಹುಟ್ಟುಹಬ್ಬಕ್ಕೆಂದು ಜನ ಆಡಿಕೊಂಡರು. ಮರುವರ್ಷ 15 ಮತ್ತು 35ರ ನೋಟು ಬಂದವು. ಹಿಂದೆ ಪೆಟ್ಟು ತಿಂದಿದ್ದ ಜನ ಈ ಹೊಸ ನೋಟುಗಳಲ್ಲಿ ಮತ್ತೆ ಉಳಿಸಲು ತೊಡಗಿದ್ದರು. 1987ರ ಸೆಪ್ಟೆಂಬರ್ 5ರಂದು ಒಂದೇ ಏಟಿಗೆ 25, 35, 75ರ ನೋಟುಗಳು ಬರಿಯ ಕಾಗದವಾದವು. ಈ ಸಲ ಬದಲಿ ಹಣವೂ ಇಲ್ಲ, ಪರಿಹಾರವೂ ಇಲ್ಲ. ಚಲಾವಣೆಯಲ್ಲಿದ್ದ ಹಣದ ಮುಕ್ಕಾಲು ಭಾಗದಷ್ಟು ಹೀಗೆ ಅಳಿಸಿಹೋಯಿತೆಂಬ ಅಂದಾಜಿದೆ. ಆಮೇಲೆ ಅಚ್ಚಾದದ್ದು 45 ಮತ್ತು 90 ಚಾಟಿನ ನೋಟು, ಎರಡೂ ಒಂಬತ್ತರ ಮಗ್ಗಿಯವು. ಒಂಬತ್ತು ಆ ಜನರಲ್‌ಗೆ ಶುಭ ಸಂಖ್ಯೆ ಎಂಬುದು ದೇಶಕ್ಕೆಲ್ಲ ಗೊತ್ತಿದ್ದ ಮಾತು.

ಒಂದು ಕ್ಷಣ ಆ ಸೆಪ್ಟೆಂಬರಿನ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಪೆಟ್ಟಿಗೆಯಲ್ಲಿ ಮಗಳ ಮದುವೆಗೆಂದು ಇಟ್ಟ 75ರ ನೋಟುಗಳ ಕಟ್ಟು. ಊರಿನಿಂದ ರಂಗೂನಿಗೆ ಓದಲು ಬಂದ ಹುಡುಗನ ಜೇಬಿನಲ್ಲಿ ಶುಲ್ಕದ ಹಣ. ಒಂದೇ ದಿನದಲ್ಲಿ ಆ ಹುಡುಗನಿಗೆ ಹಾಸ್ಟೆಲಿನ ಊಟಕ್ಕೂ ಗತಿಯಿಲ್ಲ. ರಂಗೂನಿನ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು ಅಂದೇ ಬೀದಿಗಿಳಿದು ದೀಪದ ಕಂಬ, ಸರ್ಕಾರಿ ವಾಹನಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಬರ್ಮಾವನ್ನು ಜಗತ್ತಿನ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು. 1988ರ ಮಾರ್ಚಿನಲ್ಲಿ ಅದೇ ವಿದ್ಯಾಲಯದ ಬಳಿಯ ಚಹಾ ಅಂಗಡಿಯೊಂದರಲ್ಲಿ ಎದ್ದ ಜಗಳ ಆಗಸ್ಟ್ 8ರ ಹೊತ್ತಿಗೆ ಇಡೀ ದೇಶದ ದಂಗೆಯಾಯಿತು. ಆ ಹೊತ್ತಿನಲ್ಲಿ ನೆ ವಿನ್‌ಗೆ ಬಹಿರಂಗ ಪತ್ರಗಳನ್ನು ಬರೆದು ದೇಶದ ಆರ್ಥಿಕ ದುರ್ಗತಿಯನ್ನು ಎತ್ತಿ ತೋರಿಸಿದವರಲ್ಲಿ ಮೊದಲಿಗರು ಹಳೆಯ ಬ್ರಿಗೇಡಿಯರ್ ಆಂಗ್ ಜಿ. ಸೆಪ್ಟೆಂಬರ್ 18ರಂದು ಸೇನೆ ಮತ್ತೆ ನೇರವಾಗಿ ಅಧಿಕಾರ ಹಿಡಿಯಿತು. ಸತ್ತವರು ಸಾವಿರಗಟ್ಟಲೆ.

ಸಮಾಜವಾದ ಅಲ್ಲಿಗೆ ಮುಗಿಯಿತು. ಹೊಸ ಸೇನಾಧಿಕಾರಿಗಳು ಮುಕ್ತ ಮಾರುಕಟ್ಟೆ ಎಂದರು. 1990ರಲ್ಲಿ ಒಂದು ಕಂಪನಿ ಹುಟ್ಟಿತು, ಯೂನಿಯನ್ ಆಫ್ ಮ್ಯಾನ್ಮಾರ್ ಎಕನಾಮಿಕ್ ಹೋಲ್ಡಿಂಗ್ಸ್. 1997ರಲ್ಲಿ ಇನ್ನೊಂದು, ಮ್ಯಾನ್ಮಾರ್ ಎಕನಾಮಿಕ್ ಕಾರ್ಪೊರೇಷನ್. ಬಿಯರು, ಸಿಗರೇಟು, ಬ್ಯಾಂಕು, ಸಿಮೆಂಟು, ಬಂದರು, ವಾಹನ ಆಮದು, ಕಾಚಿನ್ ಬೆಟ್ಟಗಳ ಹಸಿರು ಜೇಡ್ ಕಲ್ಲಿನ ಗಣಿ ಎಲ್ಲದರಲ್ಲಿಯೂ ಇವೆರಡರ ಕೈ ಇತ್ತು. 2019ರಲ್ಲಿ ವಿಶ್ವಸಂಸ್ಥೆಯ ತನಿಖಾ ಸಮಿತಿ ಲೆಕ್ಕ ಹಾಕಿದಾಗ ಇವೆರಡರ ಕೆಳಗೆ ನೂರಕ್ಕೂ ಹೆಚ್ಚು ಉದ್ದಿಮೆಗಳು ಸಿಕ್ಕವು. 1990ರಲ್ಲೇ ಚುನಾವಣೆಯೂ ನಡೆಯಿತು, ಆಂಗ್ ಸಾನ್ ಅವರ ಮಗಳು ಆಂಗ್ ಸಾನ್ ಸೂ ಚಿ ಅವರ ಪಕ್ಷ ಐದರಲ್ಲಿ ನಾಲ್ಕು ಪಾಲು ಸ್ಥಾನ ಗೆದ್ದಿತು, ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ. ಕಂಪನಿ ಕಟ್ಟಿದ ವರ್ಷವೇ ಚುನಾವಣೆಯ ಫಲಿತಾಂಶವನ್ನು ತಳ್ಳಿಹಾಕಿದ್ದನ್ನು ಒಟ್ಟಿಗೆ ಓದಬೇಕೆಂದು ನನಗೆ ಅನ್ನಿಸುತ್ತದೆ.

ಆ ಮೊದಲ ಕಂಪನಿಯ ಷೇರುದಾರರು ಯಾರು? 2020ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹೊರಹಾಕಿದ ದಾಖಲೆಗಳ ಪ್ರಕಾರ 3,80,000ಕ್ಕೂ ಹೆಚ್ಚು ಮಂದಿ, ಎಲ್ಲರೂ ಸೇವೆಯಲ್ಲಿರುವ ಅಥವಾ ನಿವೃತ್ತರಾದ ಸೈನಿಕರು. ಜೊತೆಗೆ ದಳಗಳು, ಪಡೆಗಳು, ಪ್ರಾದೇಶಿಕ ಕಮಾಂಡುಗಳೂ ಷೇರುದಾರರು. ಸೇನೆಯ ದಾಳಿಗೆ ಸಿಕ್ಕಿ ರೊಹಿಂಗ್ಯಾ ಅಲ್ಪಸಂಖ್ಯಾತರು ಏಳು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಓಡಿಹೋದ ರಖೈನ್ ಪ್ರಾಂತ್ಯದ ಕಮಾಂಡೂ ಅದರಲ್ಲಿತ್ತು. ಸೇನೆ ಬಿಟ್ಟು ಓಡಿದರೆ ಡಿವಿಡೆಂಡ್ ನಿಲ್ಲುತ್ತದೆ. ಹೀಗೆ ಸಂಸತ್ತಿನ ಬಜೆಟ್ಟನ್ನು ಕೇಳದೆ ಸೇನೆ ತನ್ನ ಹಣವನ್ನು ತಾನೇ ದುಡಿದುಕೊಂಡಿತು, ಆ ಹಣದಿಂದಲೇ ಕೆಳಗಿನ ಸಿಪಾಯಿಯ ನಿಷ್ಠೆಯನ್ನು ಕಟ್ಟಿಹಾಕಿತು. ಸಂತೆಯ ಕಾವಲಿಗೆ ನಿಂತವನೇ ಸಂತೆಯಲ್ಲಿ ಮಳಿಗೆ ಹಾಕಿದರೆ ಉಳಿದ ವ್ಯಾಪಾರಿಗಳಿಗೆ ಎರಡೇ ದಾರಿ, ಅವನ ಪಾಲುದಾರರಾಗುವುದು ಅಥವಾ ಗಂಟುಮೂಟೆ ಕಟ್ಟುವುದು. ಬರ್ಮಾದ ಉದ್ಯಮಿಗಳು ಈ ಎರಡರಲ್ಲಿ ಒಂದನ್ನು ಆರಿಸಿಕೊಂಡರು.

ಇದಕ್ಕಿಂತ ಸದ್ದಿಲ್ಲದ ಇನ್ನೊಂದು ಲೂಟಿ ಇತ್ತು, ವಿನಿಮಯ ದರದ್ದು. ಸರ್ಕಾರದ ಪುಸ್ತಕದಲ್ಲಿ ಒಂದು ಡಾಲರಿಗೆ ಸುಮಾರು 6 ಚಾಟ್. ಪೇಟೆಯಲ್ಲಿ 2000ದ ದಶಕದ ಕೊನೆಗೆ ಸಾವಿರ ಚಾಟಿನ ಆಸುಪಾಸು. ಥಾಯ್ಲೆಂಡಿಗೆ ಕೊಳವೆಯಲ್ಲಿ ಮಾರಿದ ಅನಿಲದಿಂದ ದೇಶಕ್ಕೆ 100 ಕೋಟಿ ಡಾಲರ್ ಬಂತೆನ್ನಿ. ಬಜೆಟ್ಟಿನಲ್ಲಿ ಅದು 600 ಕೋಟಿ ಚಾಟ್ ಎಂದು ಬರೆಸಿಕೊಳ್ಳುತ್ತದೆ. ಪೇಟೆಯಲ್ಲಿ ಅದರ ಬೆಲೆ ಒಂದು ಲಕ್ಷ ಕೋಟಿ ಚಾಟ್. ನಡುವಿನ ಅಂತರ ಎಲ್ಲಿ ಹೋಯಿತೆಂದು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಇದನ್ನು ಬಿಡಿಸಿ ಜಗತ್ತಿಗೆ ತೋರಿಸಿದವರಲ್ಲಿ ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞ ಶಾನ್ ಟರ್ನೆಲ್ ಒಬ್ಬರು. 2021ರಲ್ಲಿ ಸೇನೆ ಅವರನ್ನು ಹಿಡಿದು ಸುಮಾರು ಇಪ್ಪತ್ತೊಂದು ತಿಂಗಳು ಸೆರೆಯಲ್ಲಿಟ್ಟಿತು. ಆ ಸುಳ್ಳು ದರದ ಕಾಲದಲ್ಲೇ, 2005ರಲ್ಲಿ, ಸೇನೆ ರಂಗೂನನ್ನು ಬಿಟ್ಟು ಬಯಲಿನ ನಡುವೆ ನೇಪಿಡಾ ಎಂಬ ಹೊಸ ರಾಜಧಾನಿ ಕಟ್ಟಿಕೊಂಡಿತು, ಅಲ್ಲಿನ ರಸ್ತೆಯಲ್ಲಿ ಇಪ್ಪತ್ತು ವಾಹನಗಳು ಅಕ್ಕಪಕ್ಕದಲ್ಲಿ ಓಡಬಹುದು. 2011ರ ಬಜೆಟ್ಟಿನಲ್ಲಿ ಕಾಲು ಭಾಗದಷ್ಟು ಸೇನೆಗೆ, ಆರೋಗ್ಯಕ್ಕೆ ನೂರಕ್ಕೆ ಒಂದಕ್ಕಿಂತ ಕೊಂಚ ಹೆಚ್ಚು.

ಈ ನಡುವೆ ಒಂದು ಬೆಳೆ ಮಾತ್ರ ಸೇನೆಯ ಕಣ್ಣಿಗೆ ಬೀಳದೆ ಬೆಳೆಯಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಅರ್ಥಪೂರ್ಣವಾಗಿ ಕಂಡ ಭಾಗ ಇದೇ. ಸೇನೆಗೆ ಮುಖ್ಯವಾದದ್ದು ಅಕ್ಕಿ. ಸಿಪಾಯಿಗೂ ಸರ್ಕಾರಿ ನೌಕರನಿಗೂ ಅದನ್ನೇ ಅಗ್ಗದಲ್ಲಿ ಕೊಡಬೇಕಾದ್ದರಿಂದ ಭತ್ತದ ಕಡ್ಡಾಯ ಲೇವಿ 2003ರವರೆಗೂ ನಡೆಯಿತು. ಬೇಳೆಕಾಳು ಬರ್ಮೀಯರ ಊಟದಲ್ಲಿ ಅಷ್ಟು ದೊಡ್ಡದಲ್ಲ, ಆದ್ದರಿಂದ 1988ರ ಬಳಿಕ ಅದನ್ನು ಖಾಸಗಿ ವರ್ತಕರಿಗೆ ಬಿಟ್ಟರು. ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ತೇವದಲ್ಲೇ ರೈತರು ಉದ್ದು, ಹೆಸರು ಚೆಲ್ಲಿದರು. ನಮ್ಮ ಕರಾವಳಿಯ ಗದ್ದೆಗಳಲ್ಲಿಯೂ ಉದ್ದು ಹಾಕುವುದು ಇದೇ ಕ್ರಮದಲ್ಲಿ. ಸರ್ಕಾರ ಸಾಲ ಕೊಡಲಿಲ್ಲ, ಗೊಬ್ಬರ ಕೊಡಲಿಲ್ಲ, ಆಜ್ಞೆಯನ್ನೂ ಕೊಡಲಿಲ್ಲ. ಲಕ್ಷ ಟನ್ನಿಗಿಂತ ಬಹಳ ಕಡಿಮೆ ಇದ್ದ ಬೇಳೆಕಾಳಿನ ರಫ್ತು 2001ರ ಹೊತ್ತಿಗೆ 10 ಲಕ್ಷ ಟನ್ ಮುಟ್ಟಿತು. ಅದರಲ್ಲಿ ಬಹುಪಾಲು ಕೊಂಡದ್ದು ಭಾರತ. ಬೆಂಗಳೂರಿನ ದರ್ಶಿನಿಗಳಲ್ಲಿ ನಾವು ತಿನ್ನುವ ಇಡ್ಲಿ, ದೋಸೆ, ವಡೆಯ ಉದ್ದಿನಲ್ಲಿ ಬರ್ಮಾದ ರೈತನ ಪಾಲೂ ಇದೆ. 2021ರಲ್ಲಿ ಭಾರತ ಸರ್ಕಾರ ಐದು ವರ್ಷ ಕಾಲ ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ಬರ್ಮಾದಿಂದ ತರಿಸುವ ಒಪ್ಪಂದ ಮಾಡಿಕೊಂಡಿತು.  ಒಬ್ಬನೇ ರೈತ, ಒಂದೇ ಗದ್ದೆ, ಒಂದೇ ವರ್ಷ. ಆಜ್ಞೆ ಇದ್ದ ಬೆಳೆ ಸೊರಗಿತು, ಆಜ್ಞೆ ಇಲ್ಲದ ಬೆಳೆ ಹಡಗೇರಿತು.

ಇದೇ ಪಾಠ ಮೊಬೈಲ್ ಫೋನಿನಲ್ಲೂ ಕಂಡಿತು. 2000ದ ದಶಕದಲ್ಲಿ ಬರ್ಮಾದಲ್ಲಿ ಒಂದು ಸಿಮ್ ಕಾರ್ಡಿಗೆ ಎರಡು ಸಾವಿರ ಡಾಲರ್ ಕೊಡಬೇಕಾದ ಕಾಲವಿತ್ತು. ಸರ್ಕಾರದ ಒಂದೇ ಕಂಪನಿ, ಸಿಮ್ ಸಿಗುವುದು ಪರಿಚಯ ಇದ್ದವರಿಗೆ. 2011ರಲ್ಲಿ ನಿವೃತ್ತ ಜನರಲ್ ಥೀನ್ ಸೇನ್ ಅಧ್ಯಕ್ಷರಾಗಿ ಬಾಗಿಲು ಸ್ವಲ್ಪ ತೆರೆದರು. 2012ರಲ್ಲಿ ಆ 6 ಚಾಟಿನ ಸುಳ್ಳು ದರವನ್ನು ಕೈಬಿಟ್ಟರು. 2014ರಲ್ಲಿ ಕತಾರಿನ ಮತ್ತು ನಾರ್ವೆಯ ಕಂಪನಿಗಳು ಬಂದಾಗ ಸಿಮ್ಮಿನ ಬೆಲೆ 1500 ಚಾಟ್, ಅಂದರೆ ಸುಮಾರು ಒಂದೂವರೆ ಡಾಲರ್. ಹಳ್ಳಿಯ ಹೆಂಗಸರು ಮಲೇಷ್ಯಾದಲ್ಲಿ ದುಡಿಯುವ ಮಕ್ಕಳ ಮುಖ ನೋಡಿ ಮಾತಾಡಿದರು. 2005ರಲ್ಲಿ ನೂರಕ್ಕೆ 48ರಷ್ಟಿದ್ದ ಬಡತನ 2017ಕ್ಕೆ 25ಕ್ಕೆ ಇಳಿಯಿತು ಎಂದು ವಿಶ್ವಬ್ಯಾಂಕಿನ ಲೆಕ್ಕ. ಆದರೆ 2008ರ ಸಂವಿಧಾನದಲ್ಲಿ ಸಂಸತ್ತಿನ ಕಾಲು ಭಾಗ ಸ್ಥಾನವನ್ನೂ ರಕ್ಷಣೆ, ಗೃಹ, ಗಡಿ ಖಾತೆಗಳನ್ನೂ ಸೇನೆ ತನಗೇ ಕಾದಿರಿಸಿಕೊಂಡಿತ್ತು. ಕಂಪನಿಗಳಂತೂ ಕೈಯಲ್ಲೇ ಇದ್ದವು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ದಕ್ಷಿಣ ಕೊರಿಯಾ? ಅಲ್ಲಿ 1961ರಲ್ಲಿ ಜನರಲ್ ಪಾರ್ಕ್ ಅಧಿಕಾರ ಹಿಡಿದ ಮೇಲೆ ದೇಶ ಬೆಳೆಯಿತಲ್ಲ? ಥಾಯ್ಲೆಂಡಿನಲ್ಲಿ ಎಷ್ಟೊಂದು ಸಲ ಸೇನಾದಂಗೆಯಾದರೂ ದೇಶ ಬಡವಾಗಲಿಲ್ಲವಲ್ಲ? ನ್ಯಾಯವಾದ ಪ್ರಶ್ನೆ. ಕೊರಿಯಾದ ಸೇನೆ ಕಾರ್ಖಾನೆಗಳನ್ನು ತಾನೇ ನಡೆಸಲಿಲ್ಲ, ಉದ್ಯಮಿಗಳಿಗೆ ರಫ್ತಿನ ಗುರಿ ಕೊಟ್ಟು ಸಾಲ ಕೊಟ್ಟಿತು. ಥಾಯ್ ಜನರಲ್‌ಗಳು ಕಂಪನಿಗಳ ಆಡಳಿತ ಮಂಡಲಿಯಲ್ಲಿ ಕೂತು ಹಣ ಮಾಡಿಕೊಂಡದ್ದು ನಿಜ, ಆದರೂ ಅಕ್ಕಿಯ ವ್ಯಾಪಾರವನ್ನು ವರ್ತಕರಿಗೆ ಬಿಟ್ಟರು, ದೇಶದ ಕೇಂದ್ರ ಬ್ಯಾಂಕನ್ನು 1959ರಿಂದ 1971ರವರೆಗೆ ಪ್ವಾಯ್ ಉಂಗ್ಪಕರ್ನ್ ಎಂಬ ಪ್ರಾಮಾಣಿಕ ಅರ್ಥಶಾಸ್ತ್ರಜ್ಞನ ಕೈಗೆ ಬಿಟ್ಟರು. ಅಷ್ಟರಮಟ್ಟಿಗೆ ನೋಟು ಉಳಿಯಿತು. ಅದಕ್ಕೆ ಆ ದೇಶಗಳು ಕೊಟ್ಟ ಬೆಲೆಯೂ ಸಣ್ಣದಲ್ಲ. 1980ರಲ್ಲಿ ಕೊರಿಯಾದ ಗ್ವಾಂಗ್ಜು ನಗರದಲ್ಲಿ ಸೇನೆ ತನ್ನ ಜನರನ್ನೇ ಕೊಂದಿತು, ಪ್ವಾಯ್ 1976ರಲ್ಲಿ ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಓಡಬೇಕಾಯಿತು. ಪಾಕಿಸ್ತಾನದಲ್ಲಿ ನಿವೃತ್ತ ಸೈನಿಕರ ಕ್ಷೇಮಕ್ಕೆಂದು 1954ರಲ್ಲಿ ಶುರುವಾದ ಫೌಜಿ ಫೌಂಡೇಷನ್ ಇಂದು ಗೊಬ್ಬರ, ಸಿಮೆಂಟಿನಿಂದ ಹಿಡಿದು ಬೆಳಗಿನ ತಿಂಡಿಯ ಕಾರ್ನ್‌ಫ್ಲೇಕ್ಸ್‌ವರೆಗೆ ಮಾರುತ್ತದೆ. ಅಲ್ಲಿಯೂ ಶುರುವಾದದ್ದು ಸಿಪಾಯಿಯ ಕ್ಷೇಮದ ಹೆಸರಿನಲ್ಲೇ ಎಂಬುದನ್ನು ಗಮನಿಸಿ.

2020ರ ನವೆಂಬರಿನಲ್ಲಿ ಸೂ ಚಿ ಅವರ ಪಕ್ಷ ಮತ್ತೆ ಗೆದ್ದಿತು. 2021ರ ಫೆಬ್ರವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನ, ಜನರಲ್ ಮಿನ್ ಆಂಗ್ ಹ್ಲಾಯಿಂಗ್ ಅಧಿಕಾರ ಹಿಡಿದರು. ಜನ ಬೀದಿಗಿಳಿದದ್ದಷ್ಟೇ ಅಲ್ಲ, ಕೆಲಸವನ್ನೂ ನಿಲ್ಲಿಸಿದರು. ವೈದ್ಯರು, ರೈಲ್ವೆ ನೌಕರರು, ಶಿಕ್ಷಕರು, ಬ್ಯಾಂಕಿನ ಗುಮಾಸ್ತರು ಮನೆಯಲ್ಲಿ ಕುಳಿತರು. ಸೇನೆಯ ಬಿಯರು, ಸೇನೆಯ ಸಿಗರೇಟು ಮುಟ್ಟಬಾರದೆಂದು ಅಂಗಡಿಯವರೇ ತೀರ್ಮಾನಿಸಿದರು. ಜಪಾನಿನ ಕಿರಿನ್ ಕಂಪನಿ ಆ ವಾರವೇ ಸೇನೆಯ ಜೊತೆಗಿನ ಬಿಯರ್ ಪಾಲುದಾರಿಕೆ ಮುಗಿಸುವುದಾಗಿ ಸಾರಿತು. ಎಟಿಎಂಗಳ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿತು. 1987ರ ಸೆಪ್ಟೆಂಬರನ್ನು ಕಂಡ ತಾಯಂದಿರು ಮಕ್ಕಳಿಗೆ ಏನು ಹೇಳಿರಬೇಕೆಂದು ಊಹಿಸುವುದು ಕಷ್ಟವಲ್ಲ. ಕೈಗೆ ಬಂದ ಚಾಟೆಲ್ಲ ಬಂಗಾರವಾಯಿತು, ಡಾಲರಾಯಿತು. ಆ ಒಂದು ವರ್ಷದಲ್ಲಿ ದೇಶದ ಉತ್ಪಾದನೆ ನೂರಕ್ಕೆ 18ರಷ್ಟು ಕುಸಿಯಿತು. ಸೇನಾದಂಗೆಗೆ ಮೊದಲು 1330ರ ಆಸುಪಾಸಿನಲ್ಲಿದ್ದ ಡಾಲರ್ ಮುಂದೆ ಪೇಟೆಯಲ್ಲಿ 4000 ಚಾಟ್ ದಾಟಿತು. 2023 ಮುಗಿಯುವ ಹೊತ್ತಿಗೆ ಜನರಲ್ಲಿ ಅರ್ಧದಷ್ಟು ಮಂದಿ ಬಡತನದ ರೇಖೆಯ ಕೆಳಗೆ ಇದ್ದರು.

ಬೇಳೆಯ ರೈತನ ಗದ್ದೆಗೂ ಈಗ ಆಜ್ಞೆ ಬಂತು. 2022ರ ಆಗಸ್ಟಿನಲ್ಲಿ ಕೇಂದ್ರ ಬ್ಯಾಂಕು ರಫ್ತುದಾರ ತರುವ ಡಾಲರುಗಳಲ್ಲಿ ನೂರಕ್ಕೆ 65ನ್ನು 2100 ಚಾಟಿನ ಸರ್ಕಾರಿ ದರಕ್ಕೆ ಒಪ್ಪಿಸಬೇಕೆಂದಿತು. ಪೇಟೆಯಲ್ಲಿ ಡಾಲರ್ 3000 ದಾಟಿತ್ತು. ಸಾವಿರ ಡಾಲರಿನ ಉದ್ದು ಮಾರಿದ ವರ್ತಕ 650 ಡಾಲರಿನ ಮೇಲೆ ಡಾಲರಿಗೆ 900 ಚಾಟ್ ಕಳೆದುಕೊಂಡ, ಒಟ್ಟು ಐದೂಮುಕ್ಕಾಲು ಲಕ್ಷಕ್ಕೂ ಮೇಲೆ. ಅವನು ಅದನ್ನು ತನ್ನ ಕೈಯಿಂದ ಕೊಟ್ಟಾನೇ? ರೈತನ ಬೆಲೆಯಲ್ಲಿ ಮುರಿದುಕೊಂಡ. ಹಳೆಯ ಭತ್ತದ ಲೇವಿ ಬೇರೆ ಹೆಸರಿನಲ್ಲಿ ಉದ್ದಿಗೂ ಬಂತು. 2024ರ ಫೆಬ್ರವರಿಯಲ್ಲಿ 18ರಿಂದ 35ರ ಗಂಡಸರಿಗೆ ಕಡ್ಡಾಯ ಸೈನಿಕ ಸೇವೆ ಎಂದು ಸಾರಿದಾಗ ಮಾಂಡಲೆಯ ಪಾಸ್‌ಪೋರ್ಟ್ ಕಚೇರಿಯ ಎದುರಿನ ನೂಕುನುಗ್ಗಲಿಗೆ ಇಬ್ಬರು ಹೆಂಗಸರು ಬಲಿಯಾದರು. ಗದ್ದೆಗೆ ಇಳಿಯಬೇಕಾದ ಹುಡುಗರು ಥಾಯ್ಲೆಂಡಿನ ಕಟ್ಟಡಗಳಲ್ಲಿ, ಮೀನಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಅಫೀಮು ಬೆಳೆಯುವುದರಲ್ಲಿ ಮಾತ್ರ ಆ ದೇಶ 2023ರಲ್ಲಿ ಅಫ್ಘಾನಿಸ್ತಾನವನ್ನು ಹಿಂದೆ ಹಾಕಿ ಜಗತ್ತಿಗೆ ಮೊದಲನೆಯದಾಯಿತು.

ಸೇನೆಯನ್ನು ಅಂಗಡಿಯಿಂದ ಹೊರಗೆ ತರುವ ದಾರಿ ಇಲ್ಲವೇ? ಇದೆ. 1998ರಲ್ಲಿ ಚೀನಾದ ನಾಯಕ ಜಿಯಾಂಗ್ ಜೆಮಿನ್ ತಮ್ಮ ಸೇನೆಗೆ ಹೋಟೆಲು, ಕಾರ್ಖಾನೆ, ಕಳ್ಳಸಾಗಣೆಯ ಕಂಪನಿಗಳನ್ನೆಲ್ಲ ಬಿಟ್ಟುಕೊಡಲು ಆಜ್ಞೆ ಮಾಡಿ, ಬದಲಿಗೆ ಬಜೆಟ್ಟಿನಲ್ಲಿ ಹಣ ಹೆಚ್ಚಿಸಿದರು. ಸರ್ವಾಧಿಕಾರಿ ಜನರಲ್ ಸುಹಾರ್ತೊ ಬಿದ್ದ ಮೇಲೆ ಇಂಡೋನೇಷ್ಯಾ 2004ರಲ್ಲಿ ಕಾನೂನು ಮಾಡಿ ಸೇನೆಯ ಉದ್ಯಮಗಳನ್ನು ಐದು ವರ್ಷದಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಳ್ಳಬೇಕೆಂದಿತು. ಪೂರ್ತಿಯಾಗಿ ಆಗಲಿಲ್ಲ, ಆದರೂ ಸೇನೆಯ ಹಿಡಿತ ಸಡಿಲವಾಯಿತು. ಎರಡೂ ಕಡೆ ಮುಖ್ಯವಾದ ಅಂಶ ಒಂದೇ, ಸೈನಿಕನ ಸಂಬಳವನ್ನೂ ಪಿಂಚಣಿಯನ್ನೂ ಖಜಾನೆಯೇ ಕೊಡಬೇಕು. ಅದರ ಲೆಕ್ಕವನ್ನು ಸಂಸತ್ತು ಕೇಳುವಂತೆಯೂ ಆಗಬೇಕು. ಬರ್ಮಾದಲ್ಲಿ ನಾಳೆ ಯಾವ ಸರ್ಕಾರ ಬಂದರೂ ಅದರ ಮೇಜಿನ ಮೇಲೆ ಮೊದಲು ಬರುವುದು ಆ 3,80,000 ಷೇರುದಾರರ ಪಟ್ಟಿ. ಅದರಲ್ಲಿ ಜನರಲ್‌ಗಳು ಕೆಲವೇ ಮಂದಿ. ಉಳಿದವರು ಸಂಬಳದಲ್ಲಿ ಮುರಿದುಕೊಂಡ ಹಣಕ್ಕೆ ಷೇರು ಪಡೆದ ಸಿಪಾಯಿಗಳು, ಹವಾಲ್ದಾರರು. ಕಂಪನಿಗಳನ್ನು ಒಡೆಯುವಾಗ ಇವರ ಹಣಕ್ಕೆ ಯಾರು ಹೊಣೆ ಎಂಬುದಕ್ಕೆ ಉತ್ತರ ಕೊಡದಿದ್ದರೆ ಬಂದೂಕು ಹಿಡಿದ ಅಷ್ಟೂ ಕೈಗಳು ಹಳೆಯ ಜನರಲ್‌ಗಳ ಹಿಂದೆಯೇ ನಿಲ್ಲುತ್ತವೆ. ದೇಶದ ಹೊರಗೂ ಕಾಡಿನೊಳಗೂ ಕುಳಿತು ನಾಳಿನ ಸಂವಿಧಾನ ಬರೆಯುತ್ತಿರುವ ಬರ್ಮಾದ ಯುವಕರು ಚುನಾವಣೆ, ಒಕ್ಕೂಟ, ಜನಾಂಗಗಳ ಹಕ್ಕು ಎಲ್ಲವನ್ನೂ ಚರ್ಚಿಸುತ್ತಿದ್ದಾರೆ. ಆ ಸಿಪಾಯಿಯ ಪಿಂಚಣಿಯ ಪ್ರಶ್ನೆಯೂ ಅವರ ಕಾಗದದಲ್ಲಿ ಈಗಲೇ ಬರಬೇಕು.